ಇಪ್ಪತ್ತೈದು ಸೆಕೆಂಡಿನ ಮಾವ

ಸಿನಿಮಾಕ್ಕೆ ಹೋಗಿ ಸಿನಿಮಾ ನೋಡದೆ ಬರುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ. ಅದೂ ಎಂಥ ಸೋದರಮಾವ! ಸ್ವತಃ ಸಿನಿಮಾ ತೆಗೆಯುವವರು!

ಕುಮಟೆಯ ಟಾಕೀಸಿಗೆ ನಾನು ಅವರ ಜೊತೆ ನಾಲ್ಕು ಸಲ ಹೋಗಿದ್ದೇನೆ. ದಿನಚರಿಯಲ್ಲಿ ಲೆಕ್ಕವಿದೆ. ನಾಲ್ಕೂ ಸಲ ಮ್ಯಾಟಿನಿ, ನಾಲ್ಕೂ ಸಲ ಮಾವ ಮುಂದಿನ ಬೆಂಚಿನಲ್ಲಿ ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತರು. ಪರದೆಯ ಮೇಲೆ ನಾಯಕಿ ಅಳುತ್ತಿದ್ದರೆ, ಮಾವ ಮೂರನೇ ಸಾಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ ಮೀನು ಮಾರುವ ಅಮ್ಮನನ್ನು ನೋಡುತ್ತಿದ್ದರು. ಎರಡನೇ ಸಲ ಹೋದಾಗ ಗೇಟ್‌ಕೀಪರ್ ಬ್ಯಾಟರಿ ಬೆಳಕು ಬಿಟ್ಟುಕೊಂಡು ಬಂದ.

"ಒಡೆಯಾ, ಸಿನಿಮಾ ಆ ಬದಿಗೆ ಅದೆ."

"ಗೊತ್ತದೆ. ಅದು ನಾಳೆನೂ ಹಿಂಗೇ ಇರ್ತದೆ. ಇವ್ರು ಇರೂದಿಲ್ಲ."

"ಯಾರು ಇರೂದಿಲ್ಲ? ಹದಿನಾಲ್ಕು ದಿನದಿಂದ ಇವ್ರೇ ಬರ್ತಾ ಇದ್ದಾರೆ!"

ಮಾವನಿಗೆ ಈ ಉತ್ತರ ಎಷ್ಟು ಹಿಡಿಸಿತೆಂದರೆ, ಮರುದಿನ ಹೋಗಿ ಆ ಗೇಟ್‌ಕೀಪರನದೇ ಚಿತ್ರ ತೆಗೆದುಬಂದರು.

ನಮ್ಮ ಮನೆ ಹೊನ್ನಾವರದಲ್ಲಿ. ಅಪ್ಪನಿಗೆ ಅಂಚೆ ಕಚೇರಿಯಲ್ಲಿ ಕೆಲಸ. ಅಮ್ಮನ ಅಣ್ಣನಾದ ಈ ಮಾವ ಹದಿನೆಂಟು ವರ್ಷ ಮುಂಬೈಯಲ್ಲಿ ಸಿನಿಮಾ ರೀಲು ತೊಳೆಯುವ ಕಾರ್ಖಾನೆಯಲ್ಲಿದ್ದರು. ರೀಲು ತೊಳೆಯುವುದು ಕತ್ತಲೆ ಕೋಣೆಯಲ್ಲಿ. ಹದಿನೆಂಟು ವರ್ಷ ಬೇರೆಯವರ ಸಿನಿಮಾಗಳನ್ನು ಕತ್ತಲಲ್ಲಿ ತೊಳೆತೊಳೆದು, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಟ್ರಂಕು, ಗುಜರಿಯಲ್ಲಿ ಕೊಂಡ ಒಂದು ಪ್ರೊಜೆಕ್ಟರು, ಒಂದು ಹಳೆಯ ಕ್ಯಾಮರಾ ಹೊತ್ತು ನಮ್ಮ ಮನೆಗೆ ಬಂದಿಳಿದರು. ಮದುವೆ ಆಗಿರಲಿಲ್ಲ. "ಹೆಣ್ಣು ನೋಡೂಕೆ ಬೆಳಕು ಬೇಕಲ್ಲ" ಎನ್ನುತ್ತಿದ್ದರು. ಕತ್ತಲ ನೌಕರಿ ಬಿಟ್ಟರೂ ಕತ್ತಲ ಅಭ್ಯಾಸ ಬಿಡಲಿಲ್ಲ. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ಕಾಲುಚೀಲ ಹಾಕುವರು. ಹಾಗಾಗಿ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಬಿಳಿ. ಎರಡೂ ಕಾಲಿಗೆ ಒಂದೇ ಬಣ್ಣ ಬಿದ್ದ ದಿನಗಳು ನನ್ನ ದಿನಚರಿಯ ಪ್ರಕಾರ ಒಟ್ಟು ಮೂರು. ಮೂರೂ ದಿನ ಅವರಿಗೆ ಶೀತವಾಗಿತ್ತು!

ಕ್ಯಾಮರಾ ಕೀಲಿ ಕೊಟ್ಟು ನಡೆಸುವಂಥದ್ದು, ಗೋಡೆ ಗಡಿಯಾರದ ಹಾಗೆ. ಒಂದು ಕೀಲಿಗೆ ಇಪ್ಪತ್ತೈದು ಸೆಕೆಂಡು ಓಡುತ್ತದೆ. ಆಮೇಲೆ ದೇವರೇ ಬಂದು ನಿಂತರೂ ನಿಂತುಬಿಡುತ್ತದೆ. ಒಂದು ಸುರುಳಿ ಫಿಲ್ಮಿಗೆ ಆರು ಕೀಲಿ. ಆ ಸುರುಳಿಗಳೂ ಮುಂಬೈಯ ಹಳೆಯ ಸ್ನೇಹಿತರು ಅಲ್ಲಿಷ್ಟು ಇಲ್ಲಿಷ್ಟು ಉಳಿದದ್ದನ್ನು ಪಾರ್ಸೆಲ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಮಾವ ಜಗತ್ತನ್ನು ಕೀಲಿಯಲ್ಲಿ ಅಳೆಯತೊಡಗಿದರು. ದೋಸೆ ಬೇಯುವುದಕ್ಕೆ ಮೂರು ಕೀಲಿ. ಅಪ್ಪನ ಸೀನು ಅರ್ಧ ಕೀಲಿ. ಪಕ್ಕದ ಮನೆಯ ಜಗಳ ಎಂಬತ್ತು ಕೀಲಿ, "ಆದ್ರೆ ಅದ್ರಲ್ಲಿ ತೆಗೆಯೂಕೆ ಯೋಗ್ಯವಾದದ್ದು ಒಂದೇ!" ತಿಂಗಳೊಳಗೆ ರೋಗ ಮನೆಗೆಲ್ಲ ಹಬ್ಬಿತು. ಹಸಿವೆಂದು ಕೂಗಿದರೆ ಅಮ್ಮ ಒಳಗಿನಿಂದ, "ಎರಡು ಕೀಲಿ ತಡಿ ಮಾರಾಯ್ತಿ!" ಎನ್ನುವಳು.

ನಾನು ಆಗಷ್ಟೇ ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ. ದಿನಚರಿಯಲ್ಲಿ ನಾನು ಗೆರೆ ಎಳೆದು ಗಂಟೆ ಹಾಕಿ ಬರೆಯುವುದನ್ನು ಮಾವ ಒಂದು ದಿನ ನೋಡಿದರು. ನಮ್ಮ ಕಡೆ ಕಿರಿಯ ಹುಡುಗಿಯರನ್ನೆಲ್ಲ ತಂಗಿ ಎಂದೇ ಕರೆಯುವುದು.

"ತಂಗೀ, ಇದೆಂತ? ಮಂಗಳವಾರ, ಕಾಗೆ ಹದಿನೇಳು?"

"ಮಾಡಿನ ಮೇಲೆ ಕೂತಿದ್ವು. ಎಣಿಸ್ದೆ."

"ಎಂತಕ್ಕೆ?"

"ಇದ್ದವಲ್ಲ!"

ಮಾವ ನನ್ನನ್ನು ಒಂದು ಪೂರ್ತಿ ಕೀಲಿ ನೋಡಿದರು. ಮರುದಿನ ದಪ್ಪ ರಟ್ಟಿನ ಪುಸ್ತಕವೊಂದನ್ನು ಕೊಟ್ಟು, "ಇನ್ನು ಸಿನಿಮಾದ ಅರ್ಧ ನಿಂದು" ಎಂದರು. ಪ್ರತಿ ಕೀಲಿಗೂ ಒಂದು ಸಾಲು: ಎಲ್ಲಿ, ಯಾರು, ಎಷ್ಟು ಗಂಟೆಗೆ, ಏನು ನಡೆಯಿತು. ಸಂಜೆ ಅವರು ಕೆಂಪು ಪೆನ್ಸಿಲ್ ಹಿಡಿದು ಓದಿ, ತಪ್ಪಿದ್ದಲ್ಲಿ ಅಡ್ಡಗೆರೆ ಎಳೆಯುವರು. "ಗಾಳಿ ಜೋರಿತ್ತು ಅಂತ ಬರ್ದಿದ್ದೀ. ಜೋರು ಅಂದ್ರೆ? ಲುಂಗಿ ಹಾರ್ತಿತ್ತೋ, ಟೊಪ್ಪಿ ಹಾರ್ತಿತ್ತೋ?" ಇಂಥ ಪರೀಕ್ಷಕರು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ನಮಗೆ ಮೂರು ಕಾಯಿದೆಗಳಿದ್ದವು. ಯಾರಿಗೂ "ಇನ್ನೊಂದು ಸಲ ಮಾಡಿ" ಎನ್ನಬಾರದು. ಕ್ಯಾಮರಾ ಹಿಡಿದವ ಚಿತ್ರದೊಳಗೆ ಕಾಲಿಡಬಾರದು. ಪುಸ್ತಕ ಹಿಡಿದವಳು ಪುಸ್ತಕ ಕೆಳಗಿಡಬಾರದು.

"ಮನೆಗೆ ಬೆಂಕಿ ಬಿದ್ರೂ?"

"ಎಷ್ಟು ಗಂಟೆಗೆ ಬಿತ್ತು ಅಂತ ಬರ್ಕೋ."

ಹೀಗೆ ಇಬ್ಬರೂ ಬಸ್ಸು ಹತ್ತಿ ಕುಮಟೆಯಿಂದ ಭಟ್ಕಳದವರೆಗೆ ಅಲೆದೆವು. ಮಾವನಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: "ನೀವು ಯಾರು?" ಇದನ್ನು ಅವರು ಕಂಡಕಂಡವರನ್ನೆಲ್ಲ ಕೇಳುವರು. ಕೇಳಿದ ಮೇಲೆ ಕೀಲಿ ಕೊಡುವರು. ನಲವತ್ತಮೂರು ಜನರನ್ನು ಕೇಳಿದ ಲೆಕ್ಕ ನನ್ನಲ್ಲಿದೆ. ಹತ್ತೊಂಬತ್ತು ಮಂದಿ ಅಪ್ಪನ ಹೆಸರು ಹೇಳಿದರು. ಹನ್ನೊಂದು ಮಂದಿ ಮನೆ ಇರುವ ಜಾಗ ಹೇಳಿದರು. ಐದು ಮಂದಿ ಉದ್ಯೋಗ. ಆರು ಮಂದಿ, "ಅದನ್ನ ಕೇಳೂಕೆ ನೀವ್ಯಾರು?" ಎಂದರು. ಹಳದೀಪುರದಲ್ಲಿ ಒಬ್ಬ ಉತ್ತರ ಹೇಳದೆ ಓಡಿಹೋದ. ಕುಟುಂಬ ಯೋಜನೆಯವರು ಬಂದರೆಂದು ತಿಳಿದನಂತೆ, ಪಾಪ!

ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬ ಮುದುಕ ಸಾಹೇಬರು ಮಾತ್ರ ಈ ಪ್ರಶ್ನೆ ಕೇಳಿ ನಗುತ್ತ ಚಹಾ ತರಿಸಿದರು. "ನೋಡಿ, ಮನೆಯಲ್ಲಿ ನಾನು ನವಾಯತಿ ಮಾತಾಡ್ತೇನೆ. ಅಂಗಡಿಯಲ್ಲಿ ಕನ್ನಡ. ನಮಾಜಿಗೆ ಅರಬಿ. ಸಿಟ್ಟು ಬಂದ್ರೆ ಉರ್ದು. ಮೀನಿನ ಚೌಕಾಸಿಗೆ ಕೊಂಕಣಿ. ನಿಮ್ಮ ಡಬ್ಬಿಯ ಕೀಲಿ ಯಾವುದಕ್ಕೆ ಸಾಕಾಗ್ತದೆ ಹೇಳಿ, ಅದನ್ನೇ ಮಾತಾಡ್ತೇನೆ!" ಮಾವ ಚಹಾದ ಲೋಟವನ್ನು ಕೆಳಗಿಟ್ಟು ಕೈಮುಗಿದರು.

ಅವರ ಮಗ ದುಬೈಯಲ್ಲಿದ್ದ. ಅವನು ಕಾಗದ ಬರೆಯುತ್ತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಸಾಹೇಬರು ನಮ್ಮನ್ನು ಮನೆಗೆ ಕರೆದೊಯ್ದರು. ಜಗಲಿಯ ಮೇಜಿನ ಮೇಲೆ ಟೇಪ್ ರೆಕಾರ್ಡರು, ಸುತ್ತ ಚಹಾದ ಬಸಿಗಳು, ಪರದೆಯಾಚೆ ಹೆಂಗಸರು. ಕ್ಯಾಸೆಟ್ಟಿನ ಮಗ "ಅಮ್ಮಾ, ಹೇಗಿದ್ದೀ?" ಎಂದು ಅವರ ಭಾಷೆಯಲ್ಲಿ ಕೇಳಿ ಸ್ವಲ್ಪ ಸುಮ್ಮನಾಗುವನು. ಪರದೆಯಾಚೆಯಿಂದ ತಾಯಿ ಉತ್ತರ ಹೇಳುವರು. "ಮಂಡಿನೋವು ಕಡಿಮೆ ಆಯ್ತೋ?" ಎನ್ನುವನು, ಮತ್ತೆ ಸುಮ್ಮನೆ. ತಾಯಿ ಅದಕ್ಕೂ ಉತ್ತರ. ಎಷ್ಟು ಹೊತ್ತು ಸುಮ್ಮನಿದ್ದರೆ ಅಮ್ಮನ ಉತ್ತರ ಮುಗಿಯುತ್ತದೆಂದು ಆ ಮಗನಿಗೆ ಸಮುದ್ರದಾಚೆ ಕೂತೂ ಗೊತ್ತಿತ್ತು! ಮಾವ ಸುಮ್ಮನೆ ತಿರುಗುವ ಆ ಎರಡು ಚಕ್ರಗಳನ್ನೂ ಒಂದು ಖಾಲಿ ಬಸಿಯನ್ನೂ ತೆಗೆದರು, ಒಂದು ಕೀಲಿ.

ಕರ್ಕಿಯ ಶಾಲೆಯಲ್ಲಿ ಹಗಲು ಹೊತ್ತಿನ ಯಕ್ಷಗಾನ ಇಟ್ಟಿದ್ದಾಗ ನಾವು ಬೆಳಿಗ್ಗೆ ಎಂಟಕ್ಕೇ ಹೋಗಿ ಕೂತೆವು. ಶಾಲೆಯ ಮಾಸ್ತರರು ಮಹಾರಾಜನ ವೇಷ ಕಟ್ಟುವುದನ್ನು ಮಾವ ಮೂರು ಗಂಟೆ ನೋಡಿದರು, ನಾಲ್ಕು ಕೀಲಿ ತೆಗೆದರು. ಮಾಸ್ತರರು ಯಾವಾಗ ಮಾಯವಾಗಿ ಮಹಾರಾಜ ಯಾವಾಗ ಬಂದ ಎಂಬ ಆ ಒಂದು ಕ್ಷಣ ಅವರಿಗೆ ಬೇಕಿತ್ತಂತೆ. ಚೆಂಡೆ ಬಡಿಯಿತು, ಆಟ ಶುರುವಾಯಿತು, ನಾವು ಹೊರಟೆವು! ಬಸ್ಸಿಗಾಗಿ ರಸ್ತೆ ಬದಿಯಲ್ಲಿ ನಿಂತಿದ್ದೇವೆ, ಹಿಂದಿನಿಂದ ಘಲ್ ಘಲ್ ಎಂದು ಸದ್ದು. ತಿರುಗಿ ನೋಡಿದರೆ ಕಿರೀಟ, ಭುಜಕೀರ್ತಿ ಸಮೇತ ಮಹಾರಾಜರೇ ಓಡೋಡಿ ಬರುತ್ತಿದ್ದಾರೆ!

"ಎಂತ ಮಾರಾಯ್ರೇ! ಮೂರು ತಾಸು ನಾ ಬಣ್ಣ ಬಳ್ಕಂಬೂದು ತೆಗೆದ್ರಿ, ಕುಣಿಯೂದು ಬ್ಯಾಡವಾ? ನನ್ನ ಪ್ರವೇಶಕ್ಕೆ ಇನ್ನೂ ಅರ್ಧ ತಾಸದೆ. ತೆಗೀರಿ!"

ಮಾವ ಕೀಲಿ ಕೊಟ್ಟರು. ಹೆದ್ದಾರಿಯ ಬದಿಯಲ್ಲಿ ಇಪ್ಪತ್ತೈದು ಸೆಕೆಂಡು ಮಹಾರಾಜರು ಕುಣಿದರು. ಬಸ್ಸು ಬಂದು ನಿಂತಿತು. ಕಂಡಕ್ಟರು ಸೀಟಿ ಊದುವುದನ್ನೇ ಮರೆತ. ಕೀಲಿ ಮುಗಿದು ಕ್ಯಾಮರಾ ನಿಂತರೂ ಮಹಾರಾಜರು ನಿಲ್ಲಲಿಲ್ಲ, ಮಾವನೂ ಕಣ್ಣು ತೆಗೆಯಲಿಲ್ಲ. ಓಡದ ಕ್ಯಾಮರಾದಲ್ಲಿ ಕಣ್ಣಿಟ್ಟು ಕೊನೆಯವರೆಗೂ ನೋಡಿದರು. "ಮುಗೀತು ಅಂತ ಹೇಳೂಕೆ ನನ್ಹತ್ರ ಆಗಿಲ್ಲ ತಂಗೀ" ಎಂದರು. ನಾನು ಸಾಲಿನಲ್ಲಿ ಬರೆದೆ: ಕುಣಿತ, ನಾಲ್ಕು ನಿಮಿಷ, ಫಿಲ್ಮ್, ಇಪ್ಪತ್ತೈದು ಸೆಕೆಂಡು. ಕೆಂಪು ಗೆರೆ ಬೀಳಲಿಲ್ಲ.

ಆದರೆ ಮಾವ ಮುಂಬೈ ಬಿಟ್ಟು ಬಂದದ್ದು ಇದ್ಯಾವುದಕ್ಕೂ ಅಲ್ಲ. ರಂಪಣಿಗಾಗಿ.

ರಂಪಣಿ ಎಂದರೆ ದಡದಿಂದ ಎಳೆಯುವ ಮಹಾಬಲೆ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ಮರಳಿನ ಮೇಲೆ ನಿಂತು ಎಳೆಯಬೇಕು. ಎಂಬತ್ತು ಜನ ಬೇಕು. ಅದರ ಕಾನೂನು ಕೇಳಿದ ದಿನ ನಾನು ದಿನಚರಿಯಲ್ಲಿ ಎರಡು ಸಲ ಬರೆದುಕೊಂಡೆ: ಹಗ್ಗಕ್ಕೆ ಕೈ ಹಚ್ಚಿದ ಯಾರಿಗೇ ಆಗಲಿ, ದಾರಿಹೋಕನಿಗೇ ಆಗಲಿ, ಮೀನಿನಲ್ಲಿ ಪಾಲು. ಎಲ್ಲ ಹಂಚಿದ ಮೇಲೆ ಬಲೆಯ ಯಜಮಾನ, ಅವನಿಗೆ ತಾಂಡೇಲ ಎನ್ನುತ್ತಾರೆ, "ಪಾಲು ಮುಟ್ಟದ ಕೈ ಅದ್ಯಾ?" ಎಂದು ಮೂರು ಸಲ ಕೂಗಬೇಕು. ಯಾರೂ ಓ ಎನ್ನದಿದ್ದರೆ ಮಾತ್ರ ಬಲೆ ಮಡಚಬಹುದು. ಒಂದು ಕೈ ಬಾಕಿ ಉಳಿದರೂ ಬಲೆ ಮಡಚುವಂತಿಲ್ಲ, ಅಂದಿನ ಕೆಲಸ ಮುಗಿದ ಹಾಗಲ್ಲ.

ಈಗ ಯಂತ್ರದ ಬೋಟುಗಳು ಬಂದು ಮೀನನ್ನು ದಡಕ್ಕೆ ಬರುವ ಮುಂಚೆಯೇ ಹಿಡಿಯತೊಡಗಿದ್ದವು. ಗಟ್ಟಿ ತೋಳಿನವರೆಲ್ಲ ಬೋಟಿಗೆ ಹೋದರು. ನಮ್ಮ ಕಡೆಯ ಆ ಒಂದು ರಂಪಣಿಯ ತಾಂಡೇಲ, ಅರವತ್ತು ದಾಟಿದವರು, ಮಾವನಿಗೆ ಹೇಳಿ ಕಳಿಸಿದರು: "ಇನ್ನೊಂದು ಸಲ ಬಿಡ್ತೆ. ಆಮೇಲೆ ಬಲೆ ತುಂಡು ಮಾಡಿ ಮಾರೂದೇ. ಬಂದು ತೆಕ್ಕಳಿ."

ಮಾವನ ಬಳಿ ಉಳಿದಿದ್ದದ್ದು ಒಂದೇ ಸುರುಳಿ. ಆರು ಕೀಲಿ. ಮುಂಬೈಗೆ ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ.

ಹನ್ನೊಂದು ದಿನ ಬೆಳಿಗ್ಗೆ ನಾವು ದಂಡೆಯಲ್ಲಿ ಕಾದೆವು. ಮೀನು ಬರಲಿಲ್ಲ. ಮಾವ ಒಂದು ಸೆಕೆಂಡೂ ಖರ್ಚು ಮಾಡಲಿಲ್ಲ. ಹನ್ನೆರಡನೇ ದಿನ ಏಳೂ ಇಪ್ಪತ್ತಕ್ಕೆ, ದಿಬ್ಬದ ಮೇಲೆ ಕಾವಲಿದ್ದವನು ಬಟ್ಟೆ ಬೀಸಿದ. ನೀರಿನಲ್ಲಿ ಕಪ್ಪು ನೆರಳು ಹರಡಿತ್ತು. ಬಂಗಡೆಯ ಹಿಂಡು! ದೋಣಿ ಓಡಿತು, ಬಲೆ ಬಿತ್ತು. ಮಾವ ಐದು ಕೀಲಿ ತೆಗೆದರು. ಕೊನೆಯದನ್ನು ಬಲೆ ದಡ ಮುಟ್ಟುವ ಗಳಿಗೆಗೆ ಇಟ್ಟುಕೊಂಡರು. ಅದಕ್ಕಾಗಿಯೇ ಹದಿನೆಂಟು ವರ್ಷ ಕಾದದ್ದು ಎಂದು ಅವರು ಬಾಯಿಬಿಟ್ಟು ಹೇಳಿದ್ದು ನಾನು ಅಂದೇ ಕೇಳಿದ್ದು.

ಆದರೆ ಬಲೆ ಬಾರದು! ಎಂಬತ್ತು ಜನರ ಹಗ್ಗಕ್ಕೆ ಐವತ್ತೆರಡು ಜನ. ನಾನೇ ಎಣಿಸಿದ್ದೆ. ಅರ್ಧಕ್ಕರ್ಧ ಮುದುಕರು. ಹಗ್ಗ ಒಂದು ಮಾರು ಬಂದರೆ ಕಡಲು ಎರಡು ಮಾರು ಎಳೆಯಿತು. ತಾಂಡೇಲರು ನೀರಂಚಿನಲ್ಲಿ ನಿಂತು ಕಡಲಿಗೇ ಬೈಯುತ್ತಿದ್ದರು, "ಬಿಡೇ! ಕಡೇ ಸಲ ಬಿಡೇ!" ನನ್ನ ಎದುರಿಗಿದ್ದ ಒಬ್ಬ ಅಜ್ಜ ಕಾಲು ಜಾರಿ ಕೂತವರು ಏಳಲಿಲ್ಲ. ಹಗ್ಗದಲ್ಲಿ ಅವರ ಜಾಗ ಖಾಲಿ.

ಪುಸ್ತಕ ಹಿಡಿದವಳು ಪುಸ್ತಕ ಕೆಳಗಿಡಬಾರದು. ನಾನು ಕೆಳಗಿಟ್ಟೆ. ಚಪ್ಪಲಿ ಬಿಟ್ಟು ಓಡಿ, ದೊಡ್ಡ ಬೆನ್ನಿನ ಒಬ್ಬರ ಹಿಂದೆ ಹಗ್ಗ ಹಿಡಿದು, ಕಣ್ಣು ಮುಚ್ಚಿ ಎಳೆದೆ. ಎಷ್ಟು ಹೊತ್ತು? ಗೊತ್ತಿಲ್ಲ. ನನ್ನ ಜೀವನದಲ್ಲಿ ನಾನು ಗಂಟೆ ನೋಡದ ಹೊತ್ತು ಅದೊಂದೇ. ಒಮ್ಮೆಗೇ ಹಗ್ಗ ಸಡಿಲಾಯಿತು, ಎಲ್ಲರೂ ಹೋ ಎಂದರು, ಮರಳ ಮೇಲೆ ಬೆಳ್ಳಿ ಸುರಿದ ಹಾಗೆ ಬಂಗಡೆ! ನಾನು ಓಡಿಹೋಗಿ ಪುಸ್ತಕ ಎತ್ತಿಕೊಂಡೆ. ಮಾವ ಕ್ಯಾಮರಾದ ಹಿಂದೆಯೇ ನಿಂತಿದ್ದರು. ತಲೆಯಲ್ಲಿ ಮರಳು. ಗಾಳಿ ಇರಬೇಕು ಎಂದುಕೊಂಡೆ.

"ಆತಾ ಮಾವ?"

"ಆತು. ನೀ ಬರ್ಕಂಡ್ಯಾ?"

"ಹ್ಞೂಂ."

ಬರೆದೆ: ಆರನೇ ಕೀಲಿ. ಬಲೆ ದಡಕ್ಕೆ. ನಾನು ದಂಡೆಯ ಮೇಲೆ ನಿಂತು ಟಿಪ್ಪಣಿ. ಅದು ನನ್ನ ಪುಸ್ತಕದ ಮೊದಲ ಸುಳ್ಳು.

ಪಾಲು ಹಂಚಿದರು. ತಾಂಡೇಲರು ಮಾವನ ಮುಂದೂ ಒಂದು ರಾಶಿ ಸುರಿದು, "ಹಿಡೀರಿ" ಎಂದರು. ಆಹಾ, ಕ್ಯಾಮರಾಕ್ಕೂ ಪಾಲು ಕೊಟ್ಟರಲ್ಲ ಎಂದು ಬೆರಗಾಗಿ ಅದನ್ನೂ ಬರೆದೆ. ಆಮೇಲೆ ಅವರು ದಂಡೆ ಕೇಳುವಂತೆ ಕೂಗಿದರು, "ಪಾಲು ಮುಟ್ಟದ ಕೈ ಅದ್ಯಾ?" ಒಂದು ಸಲ. ಎರಡು ಸಲ. ಮೂರು ಸಲ. ನಾನು ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಬಲೆ ಮಡಚಿದರು.

ಸಂಜೆ ಅಮ್ಮ ಕೇಳಿದಳು, "ಕೈಗೆ ಎಂತ ಆತೇ? ಇಷ್ಟು ಕೆಂಪು!"

"ಟೈಪಿಂಗು" ಎಂದೆ.

ಮಾವ ಅಂದು ಚಮಚದಲ್ಲಿ ಊಟ ಮಾಡಿದರು. ಮುಂಬೈ ನೆನಪಾಗಿರಬೇಕು ಎಂದುಕೊಂಡೆ. ಊಟವಾದ ಮೇಲೆ ಕೆಂಪು ಪೆನ್ಸಿಲ್ ಹಿಡಿದು ನನ್ನ ಸಾಲು ಓದಿದರು. ಎರಡು ಸಲ ಓದಿದರು. ಗೆರೆ ಎಳೆಯದೆ ಪುಸ್ತಕ ಮುಚ್ಚಿದರು.

ಆರು ವಾರದ ಮೇಲೆ ಸುರುಳಿ ಮುಂಬೈಯಿಂದ ತೊಳೆದು ಬಂತು. ಹೊನ್ನಾವರದಲ್ಲಿ ಯಂತ್ರ ಕೆಟ್ಟು ಖಾಲಿ ಬಿದ್ದಿದ್ದ ಒಂದು ಐಸ್ ಕಾರ್ಖಾನೆಯ ಕೋಣೆಗೆ ಕಿಟಕಿ ಇರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿ ಪರದೆಗೆಂದು ಪಂಚೆ ಕಟ್ಟಿ ಸಿನಿಮಾ! ರಂಪಣಿಯವರೆಲ್ಲ ಹೆಂಡಿರು ಮಕ್ಕಳೊಡನೆ ಬಂದರು. ಹೊರಗೆ ಸುಡುಬಿಸಿಲು, ಒಳಗೆ ಗೋಡೆಗೆ ಅಂಟಿದ ಹಳೆಯ ಚಳಿ. ಮಾವ ಪ್ರೊಜೆಕ್ಟರು ಚಾಲೂ ಮಾಡಿ, ಪಂಚೆಯ ಪಕ್ಕಕ್ಕೆ ಹೋಗಿ ಅದಕ್ಕೆ ಬೆನ್ನು ಹಾಕಿ ನಿಂತರು. ಎಲ್ಲಿ ಬಿಟ್ಟಾರು!

ಐದು ಕೀಲಿ ಚೆನ್ನಾಗಿ ಬಂದಿತ್ತು. ಆರನೆಯದು ಶುರುವಾಯಿತು. ಕಡಲಿಲ್ಲ, ಬಲೆಯಿಲ್ಲ, ಮೀನಿಲ್ಲ. ಸ್ಟ್ಯಾಂಡಿನ ತಿರುಪು ಸಡಿಲಾಗಿ ಕ್ಯಾಮರಾ ತಲೆ ತಗ್ಗಿಸಿತ್ತು! ಪಂಚೆಯ ತುಂಬ ಬರೇ ಕಾಲುಗಳು. ಮರಳಲ್ಲಿ ಹಿಮ್ಮಡಿ ಹುಗಿದು ಹಿಂದೆ ಹಿಂದೆ ಸರಿಯುವ ಹನ್ನೊಂದು ಜೊತೆ ಕಾಲು. ನನಗೆ ಅಳುವೇ ಬಂತು. ಹದಿನೆಂಟು ವರ್ಷ ಕಾದ ಗಳಿಗೆ!

ಆದರೆ ಕತ್ತಲಲ್ಲಿ ಯಾರೋ ಕೂಗಿದರು, "ಓ, ಇದು ನನ್ನ ಕಾಲು!"

"ಅದ್ರ ಹಿಂದಿಂದು ನಮ್ಮನೆಯವ್ರದ್ದು! ಹೆಬ್ಬೆರಳು ನೋಡೇ, ಸೊಟ್ಟ!"

"ಎದುರಿದ್ದದ್ದು ನಮ್ಮ ಅಜ್ಜಂದು. ಮೊಣಕಾಲು ನಡುಗ್ತದೆ, ಕಾಣ್ತಾ?"

ಮುಖವೇ ಇಲ್ಲದೆ ಇವರು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು! ನಲವತ್ತಮೂರು ಜನರನ್ನು ಮಾವ ಕೇಳಿದ ಪ್ರಶ್ನೆಗೆ ಹೀಗೊಂದು ಉತ್ತರ ಬಂದಿರಲಿಲ್ಲ. ಇಪ್ಪತ್ತೈದು ಸೆಕೆಂಡು ಮುಗಿಯಿತು. "ಮತ್ತೊಂದ್ಸಲ ಹಾಕಿ!" ಮಾವ ಸುತ್ತಿ ಮತ್ತೆ ಹಾಕಿದರು. ಈ ಸಲ ತಾಂಡೇಲರು ಎದ್ದು ಪಂಚೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದರು. ಏಳನೆಯದಕ್ಕೆ ಬೆರಳು ನಿಂತಿತು. ಬೆಳ್ಳಿ ಕಾಲುಚೈನು ಹಾಕಿದ, ಹುಡುಗಿಯ ಕಾಲು.

"ಇದು ಯಾರು?"

ನಾನು ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡೆ. ಹಾಗೆ ಎಳೆದುಕೊಳ್ಳುವಾಗಲೇ ಕಂಡಿತು: ಪಂಚೆಯ ಮೇಲೆ ನನ್ನ ಕಾಲಿನ ಹಿಂದೆ, ಎರಡು ಜೊತೆ ಕಾಲು ಬಿಟ್ಟು, ಮರಳಲ್ಲಿ ಕಾಲುಚೀಲ. ಒಂದು ಕಪ್ಪು, ಒಂದು ಬಿಳಿ.

ಹಗ್ಗ ಎಳೆಯುವಾಗ ಎಲ್ಲರ ಮುಖ ಕಡಲ ಕಡೆ. ಹಿಂದಿದ್ದವರು ಮುಂದಿದ್ದವರನ್ನು ಕಾಣುತ್ತಾರೆ. ಕ್ಯಾಮರಾವನ್ನು ಅದರಷ್ಟಕ್ಕೆ ಓಡಲು ಬಿಟ್ಟು ಹಗ್ಗಕ್ಕೆ ಬಂದ ಮಾವ ನನ್ನನ್ನು ಕಂಡಿದ್ದರು! ಕಂಡೂ ಆರು ವಾರ ಸುಮ್ಮನಿದ್ದರು. ತಲೆಯಲ್ಲಿ ಮರಳು, ಚಮಚದ ಊಟ, ಕ್ಯಾಮರಾದ ಪಾಲು! ಎಲ್ಲ ಲೆಕ್ಕ ಬರೆಯುವ ನನಗೆ ಒಂದೂ ಲೆಕ್ಕ ಸಿಕ್ಕಿರಲಿಲ್ಲ.

ತಿರುಗಿ ನೋಡಿದೆ. ಪಂಚೆಗೆ ಬೆನ್ನು ಹಾಕಿ ನಿಂತ ಮಾವ ನನ್ನನ್ನೇ ನೋಡುತ್ತಿದ್ದರು.

"ಎಳ್ದವ್ಳು" ಎಂದರು ತಾಂಡೇಲರಿಗೆ. "ನನ್ನ ಸೊಸೆ."

ತಾಂಡೇಲರ ಮುಖ ಬಾಡಿತು. "ಮೂರು ಸಲ ಕೂಗಿದ್ನಲ್ಲ ತಂಗೀ! ಓ ಅಂಬೂಕೆ ಎಂತ ಆಗಿತ್ತು? ಪಾಲು ಕೊಡದೆ ಬಲೆ ಮಡಚ್ದೆ ನಾನು. ಮಾರಿಯೂ ಆತು. ಇರ್ಲಿ, ನಾಳೆ ಬೆಳಿಗ್ಗೆಗೇ ನಾಲ್ಕು ಬಂಗಡೆ ಮುಟ್ಟಿಸ್ತೆ."

"ಕೊಡಬ್ಯಾಡಿ" ಎಂದರು ಮಾವ.

"ಎಂತಕ್ಕೆ?"

"ಕೊಟ್ರೆ ಮುಗೀತದಲ್ಲ."

ತಾಂಡೇಲರು ಮಾವನನ್ನು ನೋಡಿದರು, ನನ್ನನ್ನು ನೋಡಿದರು, ಪಂಚೆಯನ್ನು ನೋಡಿದರು. ನಿಧಾನ ಬಂದು ನೆಲದ ಮೇಲೆ ಕೂತು ಹೆಗಲ ಬಟ್ಟೆಯಲ್ಲಿ ಮುಖ ಒರೆಸಿಕೊಂಡರು. "ಹಂಗಾದ್ರೆ ಇನ್ನೊಂದ್ಸಲ ಹಾಕಿ" ಎಂದರು.

ಅಂದು ಒಂಬತ್ತು ಸಲ ಹಾಕಿದೆವು.

ಮಾವ ಈಗಲೂ ಅಲೆಯುತ್ತಲೇ ಇದ್ದಾರೆ, ನಾನೂ ಪುಸ್ತಕ ಹಿಡಿದು ಹಿಂದೆ. ಮೊನ್ನೆ ಶುಕ್ರವಾರ, ಹತ್ತೂಕಾಲಿಗೆ, ಹೊನ್ನಾವರ ಪೇಟೆಯಲ್ಲಿ ತಾಂಡೇಲರು ಎದುರಾದರು. ಕೈಯಲ್ಲಿ ಬಾಳೆಎಲೆ ಸುತ್ತಿದ ಪೊಟ್ಟಣ, ಅದರಿಂದ ಹೊರಗೆ ಇಣುಕುತ್ತಿದ್ದ ನಾಲ್ಕು ಬಂಗಡೆಯ ಬಾಲ. ನನ್ನನ್ನು ಕಂಡದ್ದೇ ತಡ, ಅವರು ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.